ಮೊದಲ ಶುಕ್ರವಾರದ ಹಾಜರಿ

(ಡೊಂಬಿವಲಿಯಲ್ಲಿ ಕನ್ನಡ ಪಾಲಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಶಾಲೆಯಲ್ಲಿ ಎರಡು ಬಗೆಯ ಗೈರುಹಾಜರಿ ಇರುತ್ತದೆ ಎಂಬುದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ. ಜ್ವರ ಬಂದದ್ದು, ಊರಿನಲ್ಲಿ ಮದುವೆ ಇದ್ದದ್ದು, ಹಳಿಯ ಮೇಲೆ ನೀರು ನಿಂತು ಲೋಕಲ್ ಓಡದೆ ಇದ್ದದ್ದು, ಇವೆಲ್ಲ ಒಂದು ಬಗೆ. ಅದಕ್ಕೆ ಪಾಲಕರ ಎರಡು ಸಾಲಿನ ಚೀಟಿ ಸಾಕು. ಇನ್ನೊಂದು ಬಗೆಯದು ತಿಂಗಳ ಮೊದಲ ಶುಕ್ರವಾರ ಬೆಳಿಗ್ಗೆ ಪಕ್ಕದ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ನಡೆಯುವ ಬಲಿಪೂಜೆಗೆ (ಇಂಗ್ಲಿಷಿನಲ್ಲಿ ಮಾಸ್) ಬಾರದೆ ಇರುವುದು. ಅದಕ್ಕೆ ಚೀಟಿ ಸಾಲದು, ತಾಯಿಯೋ ತಂದೆಯೋ ಕಚೇರಿಗೆ ಬಂದು ಕಾರಣ ಹೇಳಬೇಕು. ಮುಂಬಯಿಯ ಪಶ್ಚಿಮ ಉಪನಗರದ ಒಂದು ಕ್ಯಾಥೋಲಿಕ್ ಶಾಲೆಯಲ್ಲಿ ನಾನು 27 ವರ್ಷ ಗಣಿತ ಕಲಿಸಿದೆ. ಆ ಶುಕ್ರವಾರಗಳಂದು ನನಗೆ ವಹಿಸಿದ್ದ ಕೆಲಸ ಇಗರ್ಜಿಯ ಬಾಗಿಲಲ್ಲಿ ನಿಂತು ಸಾಲಿನಲ್ಲಿ ಒಳಹೋಗುವ ಮಕ್ಕಳನ್ನು ಎಣಿಸುವುದು. ಗಣಿತದ ಟೀಚರಿಗೆ ಎಣಿಕೆ ತಪ್ಪುವುದಿಲ್ಲ ಎಂದು ಹೆಡ್‌ಮಿಸ್ಟ್ರೆಸ್ ಆಗಿದ್ದ ಸಿಸ್ಟರ್ ನಗುತ್ತಾ ಹೇಳುತ್ತಿದ್ದರು. ಉಡುಪಿ ಕಡೆಯ ಮನೆಯಲ್ಲಿ ಹುಟ್ಟಿ, ಅಷ್ಟಮಿಗೆ ಮಠದ ಸಾಲಿನಲ್ಲಿ ನಿಂತು ಬೆಳೆದ ನನಗೆ ಇಗರ್ಜಿಯ ಬಾಗಿಲಲ್ಲಿ ನಿಲ್ಲುವುದು ಕಷ್ಟವೆನಿಸಲಿಲ್ಲ. ಎಣಿಸುವುದು ಮಾತ್ರ ಬರಬರುತ್ತಾ ಕಷ್ಟವಾಯಿತು. ಯಾಕೆ ಎಂಬುದನ್ನೇ ಇಂದು ಹೇಳಬೇಕೆಂದಿದ್ದೇನೆ.

ಈ ವಿಷಯ ಎತ್ತಿದವರು ಸಭೆಯಲ್ಲೇ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ. ಅವರ ಮಗಳ ಡೈರಿಯ ರಿಮಾರ್ಕ್ ಪುಟದಲ್ಲಿ, ಪೂಜೆಗೆ ಗೈರುಹಾಜರಾದದ್ದಕ್ಕೆ ಕಾರಣ ಕೊಡಿ ಎಂದು ಕೆಂಪು ಶಾಯಿಯಲ್ಲಿ ಬರೆದು ಬಂದಿತ್ತು. ಅವರು ನನಗೆ ಫೋನ್ ಮಾಡಿ, "ಮೇಡಂ, ಹೀಗೆ ಕೇಳುವ ಹಕ್ಕು ಶಾಲೆಗೆ ಇದೆಯೇ? ಬೇಡ ಎನ್ನುವ ಹಕ್ಕು ನಮಗೆ ಇದೆಯೇ?" ಎಂದು ಕೇಳಿದರು. ಎರಡನೆಯದಕ್ಕೆ ನನ್ನ ಉತ್ತರ, ಇದೆ, ಸಂಶಯವೇ ಬೇಡ. ಮೊದಲನೆಯದಕ್ಕೆ ಉತ್ತರ, ನೀವು ಜೂನ್ ತಿಂಗಳಲ್ಲಿ ಸಹಿ ಹಾಕಿದ ಕಾಗದದಲ್ಲಿ ಏನು ಬರೆದಿತ್ತು ಎಂಬುದನ್ನು ಅವಲಂಬಿಸಿದೆ. ಅವರಿಗೆ ಅದು ನೆನಪಿರಲಿಲ್ಲ. ನಿಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ ಎಂದು ಕೈ ಎತ್ತಲು ಹೇಳಿದೆ. ಎತ್ತಿದವರು ಮೂರು ಜನ.

ಮೊದಲು ಈ ಶುಕ್ರವಾರ ಎಲ್ಲಿಂದ ಬಂತು ಎಂಬುದನ್ನು ನೋಡೋಣ, ಏಕೆಂದರೆ ಅದರ ಚರಿತ್ರೆಯಲ್ಲೇ ನಮ್ಮ ಪ್ರಶ್ನೆಯ ಅರ್ಧ ಉತ್ತರ ಇದೆ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಮಾರ್ಗರೆಟ್ ಮೇರಿ ಅಲಕೋಕ್ ಎಂಬ ಸನ್ಯಾಸಿನಿ ಇದ್ದರು. ಯೇಸುವಿನ ಪವಿತ್ರ ಹೃದಯದ ಭಕ್ತಿ ಇಂದಿನ ರೂಪದಲ್ಲಿ ಹರಡಿದ್ದು ಅವರ ದರ್ಶನಗಳಿಂದ. ಒಂಬತ್ತು ತಿಂಗಳು ಎಡೆಬಿಡದೆ ಮೊದಲ ಶುಕ್ರವಾರಗಳಂದು, ಬಲಿಪೂಜೆಯಲ್ಲಿ ಕೊಡುವ ರೊಟ್ಟಿಯ ಚೂರನ್ನು, ಅಂದರೆ ಪರಮ ಪ್ರಸಾದವನ್ನು, ಸ್ವೀಕರಿಸುವುದು ಆ ಭಕ್ತಿಯ ಒಂದು ವ್ರತ. ವ್ರತ ಎಂಬ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ನಮ್ಮಲ್ಲಿ ಹದಿನಾರು ಸೋಮವಾರ ಮಾಡುವವರು ಇದ್ದಾರೆ, ಶ್ರಾವಣದ ಶನಿವಾರ ಮಾಡುವವರು ಇದ್ದಾರೆ. ಮಾಡದವರನ್ನು ಯಾರೂ ಕರೆಸಿ ಕೇಳುವುದಿಲ್ಲ. ಕ್ಯಾಥೋಲಿಕ್ ಸಭೆಯ ಕಾನೂನು ಸಂಹಿತೆ, ಅಂದರೆ 1983ರ ಕ್ಯಾನನ್ ಸಂಹಿತೆ, ತನ್ನ ವಿಶ್ವಾಸಿಗಳಿಗೆ ಭಾನುವಾರದ ಮತ್ತು ಗೊತ್ತುಪಡಿಸಿದ ಕೆಲವು ಹಬ್ಬಗಳ ಬಲಿಪೂಜೆಯನ್ನು ಕರ್ತವ್ಯವೆಂದು ವಿಧಿಸುತ್ತದೆ. ಅದು 1247ನೆಯ ನಿಯಮ. ಮೊದಲ ಶುಕ್ರವಾರ ಆ ಪಟ್ಟಿಯಲ್ಲಿ ಇಲ್ಲ. ಅಂದರೆ ರೋಮ್ ತನ್ನ ಮಕ್ಕಳಿಗೇ ಕಡ್ಡಾಯ ಮಾಡದ ಒಂದು ದಿನವನ್ನು ಮುಂಬಯಿಯ ಒಂದು ಶಾಲೆಯ ವೇಳಾಪಟ್ಟಿ ಶೆಟ್ಟರ ಮಗಳಿಗೂ ಶೇಖ್ ಅವರ ಮಗನಿಗೂ ಕಡ್ಡಾಯ ಮಾಡಿಬಿಟ್ಟಿತು. ಇದರಲ್ಲಿ ದುರುದ್ದೇಶ ಇತ್ತೆಂದು ನಾನು ಹೇಳಲಾರೆ. ಐವತ್ತೆಂಟು ಮಕ್ಕಳ ತರಗತಿಯಲ್ಲಿ ಹನ್ನೆರಡು ಮಂದಿ ಪೂಜೆಗೆ ಹೋದರೆ ಉಳಿದ ನಲವತ್ತಾರು ಮಂದಿಯನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಬಂದಾಗ, ಎಲ್ಲರೂ ಹೋಗಲಿ ಎಂಬುದು ಅತ್ಯಂತ ಸುಲಭದ ಉತ್ತರವಾಗಿತ್ತು. ನಮ್ಮ ಶಾಲೆಗಳ ಬಹಳಷ್ಟು ಧರ್ಮವೆಲ್ಲ ಹೀಗೆ ಸಿಬ್ಬಂದಿಯ ಕೊರತೆಯಿಂದ ಹುಟ್ಟಿದ್ದು.

ಆ ಸುಲಭದ ಉತ್ತರ ಏನು ಮಾಡಬಲ್ಲದು ಎಂಬುದಕ್ಕೆ ಒಂದು ಘಟನೆ ಹೇಳುತ್ತೇನೆ. ಮೂರನೆಯ ತರಗತಿಯ ಒಬ್ಬ ಹುಡುಗ, ನಮ್ಮ ಕಡೆಯವನೇ, ತಂದೆಗೆ ಕುರ್ಲಾದಲ್ಲಿ ಸಣ್ಣ ಕ್ಯಾಂಟೀನ್. ಪರಮ ಪ್ರಸಾದದ ಹೊತ್ತಿಗೆ ಮುಂದಿನ ಬೆಂಚಿನ ಮಕ್ಕಳು ಎದ್ದು ಸಾಲಾಗಿ ನಡೆದರು, ಇವನೂ ಎದ್ದು ನಡೆದ. ಶಾಲೆಯಲ್ಲಿ ಸಾಲು ಎಂದರೆ ಸೇರಿಕೊಳ್ಳಬೇಕು ಎಂದೇ ಅವನಿಗೆ ಕಲಿಸಿದ್ದೆವಲ್ಲ. ಅಂದು ಪೂಜೆ ಅರ್ಪಿಸಲು ಹೊರಗಿನಿಂದ ಬಂದಿದ್ದ ಫಾದರಿಗೆ ಮಕ್ಕಳ ಮುಖಪರಿಚಯ ಇರಲಿಲ್ಲ. ಹುಡುಗ ಅಂಗೈಯಲ್ಲಿ ಆ ಬಿಳಿ ರೊಟ್ಟಿಯ ಚೂರನ್ನು ತೆಗೆದುಕೊಂಡ, ಬಾಯಿಗೆ ಹಾಕಿಕೊಳ್ಳಲಿಲ್ಲ. ದೇವಸ್ಥಾನದ ಪ್ರಸಾದವನ್ನು ಮನೆಗೆ ಒಯ್ಯುವುದು ಅವನಿಗೆ ಗೊತ್ತಿದ್ದ ಮರ್ಯಾದೆ. ಕರವಸ್ತ್ರದಲ್ಲಿ ಸುತ್ತಿ ಅಮ್ಮನಿಗೆಂದು ಜೇಬಿನಲ್ಲಿಟ್ಟ. ಕ್ಯಾಥೋಲಿಕರಿಗೆ ಅದು ರೊಟ್ಟಿಯಲ್ಲ, ಕ್ರಿಸ್ತನ ಶರೀರವೇ. ಅದನ್ನು ಜೇಬಿನಲ್ಲಿಟ್ಟುಕೊಂಡು ಹೊರಗೆ ಹೋಗುವುದಕ್ಕಿಂತ ದೊಡ್ಡ ಅಪಚಾರ ಅವರ ಪಾಲಿಗೆ ಬೇರೆ ಇಲ್ಲ. ಯಾರೋ ನೋಡಿ ಕೂಗಿದರು. ಇಬ್ಬರು ಸಿಸ್ಟರುಗಳು ಓಡಿ ಬಂದರು. ಇಗರ್ಜಿಯ ಮಧ್ಯದಲ್ಲಿ ಎಂಟು ವರ್ಷದ ಹುಡುಗನ ಜೇಬು ತಡಕಾಡುವ ಕೈಗಳು, ಅವನ ಅಳು, ಬೆಂಚುಗಳಲ್ಲಿ ನಗುವ ಮಕ್ಕಳು, ನಗಬೇಡಿ ಎಂದು ಗದರುವ ನಾವು. ಫಾದರ್ ಬಂದು ಅವನ ತಲೆ ಸವರಿ, ಪ್ರಸಾದವನ್ನು ಮೆಲ್ಲಗೆ ತೆಗೆದುಕೊಂಡು, ತಪ್ಪು ನಿನ್ನದಲ್ಲ ಮಗು ಎಂದರು. ಆದರೆ ಆ ಹುಡುಗ ಮುಂದಿನ ಶುಕ್ರವಾರ ಶಾಲೆಯ ಗೇಟಿನಲ್ಲೇ ವಾಂತಿ ಮಾಡಿಕೊಂಡ. ಅಂದು ಹಾಜರಿ ಕಡ್ಡಾಯವಾಗಿರದಿದ್ದರೆ ಆ ಹುಡುಗನ ಮನಸ್ಸೂ ನೋಯುತ್ತಿರಲಿಲ್ಲ, ಆ ಬಲಿಪೂಜೆಯ ಪಾವಿತ್ರ್ಯಕ್ಕೂ ಧಕ್ಕೆ ಬರುತ್ತಿರಲಿಲ್ಲ. ಕಡ್ಡಾಯದಿಂದ ಎರಡೂ ಕಡೆಗೆ ನಷ್ಟ ಎಂಬುದು ನನಗೆ ಪುಸ್ತಕ ಓದಿ ತಿಳಿದದ್ದಲ್ಲ.

ಈಗ ಕಾನೂನಿಗೆ ಬರೋಣ. ನಾನು ವಕೀಲಳಲ್ಲ, ಆದರೆ ಸಂವಿಧಾನದ 28ನೆಯ ವಿಧಿ ವಕೀಲರಿಗಾಗಿ ಮಾತ್ರ ಬರೆದದ್ದೂ ಅಲ್ಲ. ಅದರ ಮೊದಲ ಖಂಡ ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆಯೇ ಕೂಡದು ಎನ್ನುತ್ತದೆ. ಮಹಾನಗರಪಾಲಿಕೆಯ ಶಾಲೆಗಳು ಆ ಬಗೆಯವು. ನಮಗೆ ಇಂದು ಬೇಕಾದದ್ದು ಮೂರನೆಯ ಖಂಡ. ಸರ್ಕಾರದ ಮಾನ್ಯತೆ ಪಡೆದ ಅಥವಾ ಸರ್ಕಾರದ ಅನುದಾನ ಪಡೆಯುವ ಯಾವುದೇ ಶಿಕ್ಷಣ ಸಂಸ್ಥೆಯಲ್ಲಿ ಓದುವ ಯಾರನ್ನೂ, ಅಲ್ಲಿ ನೀಡುವ ಧಾರ್ಮಿಕ ಬೋಧನೆಯಲ್ಲಿ ಭಾಗವಹಿಸುವಂತೆಯಾಗಲಿ, ಆ ಸಂಸ್ಥೆಯಲ್ಲಿ ಅಥವಾ ಅದಕ್ಕೆ ಸೇರಿದ ಆವರಣದಲ್ಲಿ ನಡೆಯುವ ಧಾರ್ಮಿಕ ಪೂಜೆಗೆ ಹಾಜರಾಗುವಂತೆಯಾಗಲಿ, ಆ ವ್ಯಕ್ತಿಯ ಸಮ್ಮತಿ ಇಲ್ಲದೆ, ಅಪ್ರಾಪ್ತ ವಯಸ್ಕರಾದರೆ ಪೋಷಕರ ಸಮ್ಮತಿ ಇಲ್ಲದೆ, ಒತ್ತಾಯಿಸುವಂತಿಲ್ಲ ಎಂಬುದು ಅದರ ತಾತ್ಪರ್ಯ. ಈ ವಾಕ್ಯದಲ್ಲಿ ಮೂರು ಪದಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಮಾನ್ಯತೆ, ಹಾಜರಾಗುವುದು, ಸಮ್ಮತಿ.

ಮಾನ್ಯತೆ ಎಂಬ ಪದದ ಬಲ ನಮಗೆ ತಿಳಿಯುವುದು ಬೇರೆ ದೇಶಗಳ ಕಡೆ ನೋಡಿದಾಗ. ಅಮೆರಿಕದಲ್ಲಿ ಧರ್ಮಸ್ವಾತಂತ್ರ್ಯ ಕೊಡುವ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು, ಖಾಸಗಿ ಶಾಲೆಯನ್ನಲ್ಲ. ಆರೆಗಾನ್ ರಾಜ್ಯ ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕೆಂದು 1922ರಲ್ಲಿ ಮಾಡಿದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 1925ರಲ್ಲಿ ರದ್ದು ಮಾಡಿತು, ಮೊಕದ್ದಮೆ ಹೂಡಿದವರಲ್ಲಿ ಕ್ಯಾಥೋಲಿಕ್ ಸನ್ಯಾಸಿನಿಯರ ಒಂದು ಸಂಘವಿತ್ತು. ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವ ಪಾಲಕರ ಹಕ್ಕು ಆ ತೀರ್ಪಿನಿಂದ ಉಳಿಯಿತು. ಆದರೆ ಆ ಶಾಲೆಯ ಒಳಗೆ ವಾರದ ಪೂಜೆ ಎಲ್ಲರಿಗೂ ಕಡ್ಡಾಯ ಎಂದರೆ, ಪಾಲಕರು ಸಹಿ ಮಾಡಿದ ಒಪ್ಪಂದವೇ ಅಲ್ಲಿ ಕೊನೆಯ ಮಾತು; ಒಪ್ಪದಿದ್ದರೆ ಬೇರೆ ಶಾಲೆ ನೋಡಿಕೊಳ್ಳಬೇಕು. ಕೆಲವೆಡೆ ಭಾನುವಾರದ ಪೂಜೆಗೆ ತಪ್ಪದೆ ಬರುವ ಕುಟುಂಬಕ್ಕೆ ಒಂದು ಶುಲ್ಕ, ಬಾರದವರಿಗೆ ಹೆಚ್ಚಿನ ಶುಲ್ಕ ಎಂಬ ಏರ್ಪಾಡೂ ಇದೆ. ನಮ್ಮಲ್ಲಿ ಹಾಗಲ್ಲ. ಸರ್ಕಾರದಿಂದ ಒಂದು ಪೈಸೆ ಪಡೆಯದ ಶಾಲೆಯೂ ಮಾನ್ಯತೆ ಪಡೆದಿದ್ದರೆ ಮೂರನೆಯ ಖಂಡದ ಒಳಗೆ ಬಂತು. ಮಾನ್ಯತೆ ಇಲ್ಲದೆ ಮಕ್ಕಳನ್ನು ಬೋರ್ಡ್ ಪರೀಕ್ಷೆಗೆ ಕೂರಿಸುವುದು ಹೇಗೆ? ಇದು ಖಾಸಗಿ ಶಾಲೆ, ನಮ್ಮ ನಿಯಮ ನಮ್ಮದು ಎಂಬ ಮಾತನ್ನು ಕಚೇರಿಯ ಕಿಟಕಿಯಲ್ಲಿ ಕೇಳಿ ನೀವು ಹಿಂದಿರುಗಿದ್ದರೆ, ಅಮೆರಿಕದ ಕಾನೂನನ್ನು ಕೇಳಿ ಹಿಂದಿರುಗಿದಿರಿ ಎಂದು ತಿಳಿಯಿರಿ.

ಇಂಗ್ಲೆಂಡಿನ ದಾರಿ ಇನ್ನೊಂದು. ಅಲ್ಲಿನ 1870ರ ಪ್ರಾಥಮಿಕ ಶಿಕ್ಷಣ ಕಾಯಿದೆ ಧಾರ್ಮಿಕ ಪಾಠ ಶಾಲೆಯ ಆರಂಭದಲ್ಲೋ ಕೊನೆಯಲ್ಲೋ ಇರಬೇಕು ಎಂದಿತು, ಬೇಡವಾದ ಮಗು ತಡವಾಗಿ ಬರಲಿ ಅಥವಾ ಬೇಗ ಹೋಗಲಿ ಎಂಬ ಉಪಾಯ. 1944ರ ಕಾಯಿದೆ ದಿನವೂ ಸಾಮೂಹಿಕ ಪ್ರಾರ್ಥನೆ ನಡೆಯಲೇಬೇಕು ಎಂದು ವಿಧಿಸಿತು. ಅದೇ ಕಾಯಿದೆ ಮಗುವನ್ನು ಅದರಿಂದ ಹೊರಗಿಡುವ ಹಕ್ಕನ್ನು ಪಾಲಕರಿಗೆ ಉಳಿಸಿತು. ಸರ್ಕಾರದ ಹಣದಿಂದ ನಡೆಯುವ ಕ್ಯಾಥೋಲಿಕ್ ಶಾಲೆಗೂ ಇದು ಅನ್ವಯಿಸುತ್ತದೆ. 2006ರ ಇನ್ನೊಂದು ಕಾಯಿದೆ ಒಂದು ಹೆಜ್ಜೆ ಮುಂದೆ ಹೋಗಿ, ನಮ್ಮ ಹನ್ನೊಂದು-ಹನ್ನೆರಡನೆಯ ತರಗತಿಗೆ ಸಮನಾದ ಸಿಕ್ಸ್ತ್ ಫಾರ್ಮಿನ ವಿದ್ಯಾರ್ಥಿಗಳು ಪ್ರಾರ್ಥನೆ ಬೇಡವೆಂದು ತಾವೇ ಹೇಳಬಹುದು ಎಂದಿತು. ಪ್ರಾಥಮಿಕ ಶಾಲೆಗಳಲ್ಲಿ ಬಹುಪಾಲು ಇಂದಿಗೂ ಕ್ಯಾಥೋಲಿಕ್ ಆಶ್ರಯದಲ್ಲಿರುವ ಐರ್ಲೆಂಡಿನಲ್ಲಿ, 2018ರ ಪ್ರವೇಶ ಕಾಯಿದೆಯಂತೆ, ಧರ್ಮಪಾಠಕ್ಕೆ ಕೂರದ ಮಗುವಿಗೆ ಏನು ಏರ್ಪಾಡು ಎಂಬುದನ್ನು ಶಾಲೆ ತನ್ನ ಪ್ರವೇಶ ನೀತಿಯಲ್ಲೇ ಬರೆದು ತಿಳಿಸಬೇಕು. ಈ ಕೊನೆಯದು ನನಗೆ ಬಹಳ ಹಿಡಿಸಿದ ನಿಯಮ. ಹಕ್ಕು ಕೊಟ್ಟೆವು ಎನ್ನುವುದು ಸುಲಭ. ಆ ಮಗು ಯಾವ ಕೋಣೆಯಲ್ಲಿ, ಯಾರ ಕಣ್ಣಳತೆಯಲ್ಲಿ ಕೂರುತ್ತದೆ ಎಂಬುದನ್ನು ಬರೆಯಲು ಹೊರಟಾಗಲೇ ಹಕ್ಕಿನ ನಿಜವಾದ ತೂಕ ಗೊತ್ತಾಗುವುದು.

ಇನ್ನು ಎರಡನೆಯ ಪದ, ಹಾಜರಾಗುವುದು. ಸಂವಿಧಾನ ಪ್ರಾರ್ಥಿಸುವಂತೆ ಒತ್ತಾಯಿಸಬೇಡಿ ಎಂದಷ್ಟೇ ಹೇಳಿ ನಿಲ್ಲಲಿಲ್ಲ, ಪೂಜೆಗೆ ಹಾಜರಾಗುವಂತೆಯೂ ಒತ್ತಾಯಿಸಬೇಡಿ ಎಂದಿತು. ನಮ್ಮ ಸ್ಟಾಫ್‌ರೂಮಿನಲ್ಲಿ ಸದಾ ಕೇಳಿಬರುತ್ತಿದ್ದ ವಾದ ನೆನಪಿದೆ: ಮಕ್ಕಳಿಗೆ ಶಿಲುಬೆಯ ಗುರುತು ಹಾಕಿ ಎನ್ನುವುದಿಲ್ಲ, ಮಂಡಿಯೂರಿ ಎನ್ನುವುದಿಲ್ಲ, ಸುಮ್ಮನೆ ಕುಳಿತಿದ್ದರೆ ಸಾಕು, ಇದರಲ್ಲಿ ಒತ್ತಾಯ ಎಲ್ಲಿ ಬಂತು? ಒತ್ತಾಯ ಬಂದದ್ದು ಕೂರುವುದರಲ್ಲೇ. ಹಾಗೆ ನೋಡಿದರೆ, ನಿಂತಿದ್ದೂ ಸೇರಿಕೊಳ್ಳದೆ ಇರುವುದಕ್ಕೆ ನಮ್ಮ ನ್ಯಾಯಾಲಯಗಳು ಬೇರೆ ಸಂದರ್ಭಗಳಲ್ಲಿ ಗೌರವ ಕೊಟ್ಟಿವೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆ 1985ರಲ್ಲಿ ಅವರನ್ನು ಹೊರಹಾಕಿತು. ಸುಪ್ರೀಂ ಕೋರ್ಟ್ 1986ರಲ್ಲಿ, ಗೌರವದಿಂದ ನಿಂತಿದ್ದವರ ಬಾಯಿಂದ ಹಾಡಿಸಲೇಬೇಕೆಂಬ ನಿಯಮ ಇಲ್ಲ ಎಂದು ಹೇಳಿ ಅವರನ್ನು ಶಾಲೆಗೆ ಮರಳಿಸಿತು. ನಮ್ಮ ಮಹಾರಾಷ್ಟ್ರದಲ್ಲೇ, ನಾಶಿಕದ ಶಾಲೆಯೊಂದರ ಶಿಕ್ಷಕರು ಬೆಳಗಿನ ಪ್ರಾರ್ಥನೆಯಲ್ಲಿ ನಿಲ್ಲುತ್ತಿದ್ದರು, ಕೈ ಮಾತ್ರ ಮುಗಿಯುತ್ತಿರಲಿಲ್ಲ. ಅದನ್ನೇ ಅಶಿಸ್ತು ಎಂದು ಅವರ ಮೇಲಿನ ವೇತನ ಶ್ರೇಣಿಯನ್ನು ತಡೆದಾಗ ಬಾಂಬೆ ಹೈಕೋರ್ಟ್ 2013ರಲ್ಲಿ ಅವರ ಪರವಾಗಿ ನಿಂತಿತು. ಅದು ಕ್ಯಾಥೋಲಿಕ್ ಶಾಲೆ ಆಗಿರಲಿಲ್ಲ ಎಂಬುದನ್ನು ಗಮನಿಸಿ, ಏಕೆಂದರೆ ಆ ವಿಷಯಕ್ಕೆ ಮತ್ತೆ ಬರುತ್ತೇನೆ.

ಮೂರನೆಯ ಪದ ಸಮ್ಮತಿ. ಇಡೀ ವಿಷಯದ ಗಂಟು ಇರುವುದು ಇಲ್ಲಿ. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಕ್ರೈಸ್ತ ಶಾಲೆಯ, ಅದು ಕ್ಯಾಥೋಲಿಕ್ ಶಾಲೆಯಲ್ಲ, ಪ್ರವೇಶದ ಅರ್ಜಿ ಸುದ್ದಿಯಾಯಿತು. ಮಗು ಧರ್ಮಗ್ರಂಥದ ತರಗತಿಗೆ ಹಾಜರಾಗುತ್ತದೆ, ಬೈಬಲ್ ತರುವುದಕ್ಕೆ ನಮ್ಮ ಆಕ್ಷೇಪವಿಲ್ಲ ಎಂಬ ಹೇಳಿಕೆಗೆ ಪಾಲಕರು ಸಹಿ ಹಾಕಬೇಕಿತ್ತು. ಗದ್ದಲವಾಯಿತು, ಶಿಕ್ಷಣ ಇಲಾಖೆ ನೋಟಿಸ್ ಕೊಟ್ಟಿತು. ಗದ್ದಲದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿತ್ತು: ಆ ಸಹಿ ಸಮ್ಮತಿ ಹೌದೋ ಅಲ್ಲವೋ? ಒಂದು ರೀತಿಯಲ್ಲಿ ಆ ಶಾಲೆ ಉಳಿದವರಿಗಿಂತ ಪ್ರಾಮಾಣಿಕವಾಗಿತ್ತು, ಬೇಕಾದದ್ದನ್ನು ಬರೆದು ಕೇಳಿತ್ತು. ನಮ್ಮ ಶಾಲೆಯ ಅರ್ಜಿಯಲ್ಲಿ ಇದ್ದದ್ದು ಒಂದೇ ಸಾಲು, ಶಾಲೆಯ ಎಲ್ಲ ನಿಯಮಗಳಿಗೂ ಚಟುವಟಿಕೆಗಳಿಗೂ ನಾವು ಬದ್ಧರು ಎಂದು. ಪೂಜೆಯೂ ಚಟುವಟಿಕೆಯೇ ಎಂದು ಮುಂದೆ ಅರ್ಥ ಮಾಡಲಾಯಿತು. ಸೀಟು ಸಿಕ್ಕರೆ ಸಾಕು ಎಂದು ರಾತ್ರಿ ಮೂರು ಗಂಟೆಯಿಂದ ಫಾರ್ಮಿಗಾಗಿ ಸಾಲು ನಿಂತ ತಂದೆ ಬೆಳಿಗ್ಗೆ ಹತ್ತು ಗಂಟೆಗೆ ಕಿಟಕಿಯ ಬಳಿ ನಿಂತು ಹಾಕುವ ಸಹಿಯನ್ನು ಧರ್ಮದ ವಿಷಯದಲ್ಲಿ ಕೊಟ್ಟ ಸಮ್ಮತಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಸಮ್ಮತಿ ಎಂದರೆ, ಯಾವ ಪೂಜೆಗೆ, ಎಷ್ಟು ಸಲ, ಬೇಡವೆಂದರೆ ಮಗು ಎಲ್ಲಿರುತ್ತದೆ ಎಂಬುದು ಗೊತ್ತಿದ್ದು ಕೊಟ್ಟದ್ದು, ಮತ್ತು ನಡುವೆ ಹಿಂತೆಗೆದುಕೊಳ್ಳಬಹುದಾದದ್ದು. ಇದು ನನ್ನ ಅಭಿಪ್ರಾಯ. ಸಂವಿಧಾನದ ವಾಕ್ಯದಲ್ಲಿ ಇಷ್ಟು ವಿವರ ಇಲ್ಲ. ಇನ್ನೊಂದು ಮಾತು: ಹದಿನೆಂಟು ದಾಟಿದ ಮೇಲೆ ಸಮ್ಮತಿ ಕೊಡಬೇಕಾದವರು ನೀವಲ್ಲ, ನಿಮ್ಮ ಮಗ, ನಿಮ್ಮ ಮಗಳು. ಡಿಗ್ರಿ ಕಾಲೇಜಿನ ಅರ್ಜಿಗೂ ನೀವೇ ಸಹಿ ಹಾಕಿ ಮುಗಿಸುತ್ತಿದ್ದರೆ ಅದನ್ನು ನಿಲ್ಲಿಸಿ.

ಹಾಗಾದರೆ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟ 30ನೆಯ ವಿಧಿ ಏನಾಯಿತು ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಏನೂ ಆಗಲಿಲ್ಲ. ಶಾಲೆ ಪೂಜೆ ನಡೆಸಬಹುದು, ಧರ್ಮೋಪದೇಶದ ತರಗತಿ ನಡೆಸಬಹುದು, ಗೋಡೆಯ ಮೇಲೆ ಶಿಲುಬೆ ಇಡಬಹುದು, ಶಾಲೆಯ ಪೋಷಕ ಸಂತರ ಹಬ್ಬಕ್ಕೆ ರಜೆ ಕೊಡಬಹುದು. ಆ ಹಕ್ಕಿನ ಮೇಲೆ ಕೈ ಹಾಕಲು ಹೊರಟವರ ಜೊತೆ ನಾನಿಲ್ಲ. ಆ ಸಿಸ್ಟರುಗಳು ಕಟ್ಟಿದ ಶಾಲೆಗಳು ಇಲ್ಲದಿದ್ದರೆ ಮುಂಬಯಿಗೆ ಬಂದ ನಮ್ಮ ಹೋಟೆಲು ಕೆಲಸಗಾರರ ಎಷ್ಟು ಹೆಣ್ಣುಮಕ್ಕಳು ಮೆಟ್ರಿಕ್ ದಾಟುತ್ತಿದ್ದರು? ಶಾಲೆ ನಡೆಸುವ ಹಕ್ಕು ಬೇರೆ, ನನ್ನ ಮಗುವನ್ನು ಪೂಜೆಗೆ ಕೂರಿಸುವ ಹಕ್ಕು ಬೇರೆ. ಮೊದಲನೆಯದು ಅವರದು, ಎರಡನೆಯದಕ್ಕೆ ನನ್ನನ್ನು ಕೇಳಬೇಕು.

ಇದನ್ನು ಕ್ಯಾಥೋಲಿಕ್ ಸಭೆಯೇ ನಮಗಿಂತ ಮೊದಲು ಹೇಳಿದೆ ಎಂಬುದು ಬಹಳ ಜನರಿಗೆ ತಿಳಿಯದು. ಅದರ ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಧರ್ಮಸ್ವಾತಂತ್ರ್ಯದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ, ಪಾಲಕರ ನಂಬಿಕೆಗೆ ಹೊಂದದ ಪಾಠಗಳಿಗೆ ಮಕ್ಕಳನ್ನು ಬಲವಂತವಾಗಿ ಕೂರಿಸಿದರೆ ಪಾಲಕರ ಹಕ್ಕಿನ ಉಲ್ಲಂಘನೆಯಾಗುತ್ತದೆ ಎಂಬ ಮಾತಿದೆ. ಅದು ಸರ್ಕಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ತಮ್ಮ ಮಕ್ಕಳನ್ನು ನಾಸ್ತಿಕ ಪಾಠಕ್ಕೆ ಕೂರಿಸುವ ಆಡಳಿತಗಳ ಎದುರು ಆಡಿದ ಮಾತು ಎಂಬುದನ್ನು ಒಪ್ಪುತ್ತೇನೆ. ಆದರೆ ಇನ್ನೊಬ್ಬರಿಗೆ ಹಿಡಿದ ಅಳತೆಗೋಲನ್ನು ತನ್ನ ಶಾಲೆಗೂ ಹಿಡಿಯಬೇಕಲ್ಲ. 1983ರ ಸಂಹಿತೆಯ 748ನೆಯ ನಿಯಮವೂ ಯಾರನ್ನೂ ಅವರ ಅಂತಃಸಾಕ್ಷಿಗೆ ವಿರುದ್ಧವಾಗಿ ಈ ವಿಶ್ವಾಸಕ್ಕೆ ಬಲವಂತಪಡಿಸಲು ಯಾರಿಗೂ ಅಧಿಕಾರವಿಲ್ಲ ಎನ್ನುತ್ತದೆ. ಇನ್ನೂ ಹತ್ತಿರದ್ದು ಬೇಕೆಂದರೆ, ಭಾರತದ ಕ್ಯಾಥೋಲಿಕ್ ಧರ್ಮಾಧ್ಯಕ್ಷರ ಮಂಡಳಿಯ ಶಿಕ್ಷಣ ವಿಭಾಗ 2024ರ ಏಪ್ರಿಲ್‌ನಲ್ಲಿ ತನ್ನ ಶಾಲೆಗಳಿಗೆ ಮಾರ್ಗಸೂಚಿ ಕಳಿಸಿತು. ನಮ್ಮ ಕ್ರೈಸ್ತ ಸಂಪ್ರದಾಯಗಳನ್ನು ಬೇರೆ ಧರ್ಮದ ಮಕ್ಕಳ ಮೇಲೆ ಹೇರಬೇಡಿ, ಬೆಳಗಿನ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದಿಸಿ, ಎಲ್ಲ ಧರ್ಮದವರಿಗೂ ಒಂದು ಪ್ರಾರ್ಥನಾ ಕೋಣೆ ಇರಲಿ ಎಂದು ಅದರಲ್ಲಿ ಹೇಳಿತ್ತು. ಮುಂದಿನ ಸಲ ಕಚೇರಿಗೆ ಹೋಗುವಾಗ ಸಂವಿಧಾನದ ಪುಸ್ತಕ ಒಯ್ಯುವುದಕ್ಕಿಂತ ಈ ಮಾರ್ಗಸೂಚಿಯನ್ನು ನೆನಪಿಸಿ. ಬಾಗಿಲು ಬೇಗ ತೆರೆಯುತ್ತದೆ.

ಇಲ್ಲಿಯವರೆಗೆ ನಿಮ್ಮ ಮಕ್ಕಳ ಬಗ್ಗೆ ಮಾತನಾಡಿದೆ. ಈಗ ಯಾರೂ ಮಾತನಾಡದ ಮಗುವಿನ ಬಗ್ಗೆ ಹೇಳಬೇಕು, ಅದು ಕ್ಯಾಥೋಲಿಕ್ ಮಗು. ಬೇರೆ ಧರ್ಮದ ಪಾಲಕರು ದೂರು ಕೊಟ್ಟರೆ ಪತ್ರಿಕೆಯಲ್ಲಿ ಬರುತ್ತದೆ, ಪಕ್ಷದವರು ಗೇಟಿಗೆ ಬರುತ್ತಾರೆ. ನನ್ನ ಒಂಬತ್ತನೆಯ ತರಗತಿಯಲ್ಲಿ ಮಂಗಳೂರು ಕಡೆಯ ಒಬ್ಬ ಕ್ಯಾಥೋಲಿಕ್ ಹುಡುಗನಿದ್ದ. ಗಲ್ಫಿನಲ್ಲಿದ್ದ ತಂದೆ ತೀರಿಕೊಂಡ ಮೇಲೆ ಅವನು ಪೂಜೆಗೆ ಬರುವುದನ್ನು ನಿಲ್ಲಿಸಿದ. ಮೊದಲ ಶುಕ್ರವಾರ ಅವನು ಶೌಚಾಲಯದಲ್ಲೋ ಲ್ಯಾಬಿನ ಹಿಂದೆಯೋ ಅಡಗಿರುತ್ತಿದ್ದ. ನನ್ನ ಎಣಿಕೆಯಲ್ಲಿ ಪ್ರತಿ ತಿಂಗಳೂ ಒಂದು ಕಡಿಮೆ ಬರುತ್ತಿತ್ತು, ಆ ಒಂದನ್ನು ನಾನು ವರದಿ ಮಾಡಬೇಕಿತ್ತು. ಎರಡು ತಿಂಗಳು ಮಾಡಿದೆ. ಧರ್ಮೋಪದೇಶದ ತರಗತಿಯಲ್ಲಿ ಅವನ ಹೆಸರು ಕೂಗಿ ನಿಲ್ಲಿಸಲಾಯಿತು, ತಾಯಿಗೆ ಕರೆ ಹೋಯಿತು, ಧರ್ಮಕೇಂದ್ರದಲ್ಲೂ, ಅಂದರೆ ಅವರ ಇಗರ್ಜಿಯ ವಲಯದಲ್ಲೂ, ಮಾತಾಯಿತು. ಮೂರನೆಯ ತಿಂಗಳು ಲ್ಯಾಬಿನ ಹಿಂದೆ ಹೋಗಿ ಅವನನ್ನು ಕೇಳಿದೆ. ಅವನು, "ಟೀಚರ್, ನನಗೆ ದೇವರ ಮೇಲೆ ಸಿಟ್ಟು ಬಂದಿದೆ. ಸಿಟ್ಟು ಇಳಿದ ಮೇಲೆ ನಾನೇ ಹೋಗುತ್ತೇನೆ, ಇವರು ಕರೆದುಕೊಂಡು ಹೋದರೆ ಇಳಿಯುವುದಿಲ್ಲ" ಎಂದ. ಆ ಹದಿನಾಲ್ಕು ವರ್ಷದ ಹುಡುಗನಷ್ಟು ಗಂಭೀರವಾಗಿ ಭಕ್ತಿಯ ಬಗ್ಗೆ ಯೋಚಿಸಿದವರು ನಮ್ಮ ಸ್ಟಾಫ್‌ರೂಮಿನಲ್ಲಿ ಇರಲಿಲ್ಲ. ಅಂದಿನಿಂದ ನಾನು ಸುಳ್ಳು ಲೆಕ್ಕ ಬರೆದೆ. 58 ಎಂದು ಬರೆದೆ, 57 ಇದ್ದರೂ. ಗಣಿತದ ಟೀಚರಾಗಿ ಅದು ನನ್ನ ಏಕೈಕ ಅಪರಾಧ ಎಂದುಕೊಂಡಿದ್ದೇನೆ.

28ನೆಯ ವಿಧಿ ಆ ಹುಡುಗನಿಗೂ ಅನ್ವಯಿಸುತ್ತದೆ, ಯಾರೂ ಎಂಬ ಪದ ಯಾವ ಧರ್ಮವನ್ನೂ ಹೊರಗಿಡುವುದಿಲ್ಲ. ಆದರೆ ಅವನ ಪರವಾಗಿ ಬೇಡವೆನ್ನಬೇಕಾದವರು ತಾಯಿ, ತಾಯಿಗೆ ಧರ್ಮಕೇಂದ್ರದ ಎದುರು ಹಾಗೆನ್ನುವ ಧೈರ್ಯವಿಲ್ಲ. ಇಂಗ್ಲೆಂಡಿನ 2006ರ ಕಾಯಿದೆ ಸಿಕ್ಸ್ತ್ ಫಾರ್ಮಿನವರಿಗೆ ಮಾತು ಕೊಟ್ಟದ್ದು ಏಕೆಂದು ನನಗೆ ಅರ್ಥವಾದದ್ದು ಆ ಹುಡುಗನನ್ನು ನೆನೆದಾಗ.

ಹಾಗೆಂದು ಶಾಲೆಯಲ್ಲಿ ಕ್ರೈಸ್ತ ವಾಸನೆ ಇರುವುದೆಲ್ಲ ಪೂಜೆಯೆಂದು ತಿಳಿಯಬೇಡಿ. ಕ್ರಿಸ್‌ಮಸ್‌ಗೆ ಗೋದಲಿ ಕಟ್ಟುವುದು, ಕ್ಯಾರಲ್ ಹಾಡುವುದು, ನಾಟಕದಲ್ಲಿ ನಿಮ್ಮ ಮಗಳು ದೇವದೂತೆಯಾಗುವುದು ಇವುಗಳ ಬಗ್ಗೆ ತಕರಾರು ಎತ್ತಿದರೆ ನಿಜವಾದ ತಕರಾರಿಗೆ ಬೆಲೆ ಉಳಿಯುವುದಿಲ್ಲ. ಮೋರಲ್ ಸೈನ್ಸ್ ತರಗತಿಯೂ ಹಾಗೆಯೇ. ಧರ್ಮಗಳ ಬಗ್ಗೆ ತಿಳಿಸುವುದು ಬೇರೆ, ಧಾರ್ಮಿಕ ಬೋಧನೆ ಬೇರೆ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ರಾಷ್ಟ್ರೀಯ ಪಠ್ಯಕ್ರಮದ ಮೊಕದ್ದಮೆಯಲ್ಲಿ ಹೇಳಿದೆ. ನಮ್ಮವರಿಗೆ ಇಗರ್ಜಿ ಅಂಟುಜಾಡ್ಯವೂ ಅಲ್ಲ. ಬುಧವಾರ ಮಾಹಿಮ್‌ನ ಸಂತ ಮೈಕಲರ ಇಗರ್ಜಿಗೆ ಹೋಗಿ ನೋಡಿ. 1948ರಿಂದ ನಡೆದುಬಂದ ನೊವೇನಾ ಪ್ರಾರ್ಥನೆಗೆ ಮೇಣದಬತ್ತಿ ಹಿಡಿದು ನಿಂತವರಲ್ಲಿ ಕುಂಕುಮ ಇಟ್ಟವರೂ ಇದ್ದಾರೆ, ಬುರ್ಖಾ ತೊಟ್ಟವರೂ ಇದ್ದಾರೆ. ಸೆಪ್ಟೆಂಬರ್‌ನಲ್ಲಿ ಬಾಂದ್ರಾದ ಮೌಂಟ್ ಮೇರಿ ಜಾತ್ರೆಗೆ ನಾನೇ ಅತ್ತೆಯನ್ನು ಕರೆದುಕೊಂಡು ಹೋಗಿದ್ದೇನೆ. ಅಲ್ಲಿ ಬಾಗಿಲಲ್ಲಿ ನಿಂತು ಎಣಿಸುವವರು ಯಾರೂ ಇರಲಿಲ್ಲ.

ಮುಗಿಸುವ ಮೊದಲು ನಾಶಿಕದ ವಿಷಯಕ್ಕೆ ಮರಳುತ್ತೇನೆಂದಿದ್ದೆ. ಕ್ಯಾಥೋಲಿಕ್ ಅಲ್ಲದ ಆ ಶಾಲೆಯ ಹಾಗೆ ನಮ್ಮವರು ನಡೆಸುವ ಮಾನ್ಯತೆ ಪಡೆದ ಶಾಲೆಗಳೂ ಮೂರನೆಯ ಖಂಡದ ಒಳಗೇ ಇವೆ. ನಿವೃತ್ತಿಯ ನಂತರ ನಮ್ಮ ಜನರದೇ ಒಂದು ಶಾಲೆಯಲ್ಲಿ ಎರಡು ವರ್ಷ ಪಾಠ ಮಾಡಿದೆ. ಬೆಳಿಗ್ಗೆ ಸರಸ್ವತಿಯ ಶ್ಲೋಕ, ಗಣೇಶ ಚೌತಿಗೆ ಪೂಜೆ, ಆರತಿ ತಟ್ಟೆ ಪ್ರತಿ ತರಗತಿಗೂ. ಏಳನೆಯ ತರಗತಿಯಲ್ಲಿ ಒಬ್ಬಳು ಮುಸ್ಲಿಂ ಹುಡುಗಿ ಇದ್ದಳು, ಕಲಬುರಗಿ ಕಡೆಯ ಕಟ್ಟಡ ಕೆಲಸಗಾರರ ಮಗಳು. ಆರತಿ ತಟ್ಟೆ ಅವಳ ಮುಂದೆ ಬಂದಾಗ ಅವಳು ನನ್ನ ಮುಖ ನೋಡಿದಳು. ಅವಳ ಮನೆಯವರನ್ನು ಯಾರಾದರೂ ಕೇಳಿದ್ದೇವೆಯೇ ಎಂದು ಮೀಟಿಂಗಿನಲ್ಲಿ ಎತ್ತಿದಾಗ, ಇದು ಪೂಜೆಯಲ್ಲ, ಸಂಸ್ಕೃತಿ ಎಂಬ ಉತ್ತರ ಬಂತು. ಸಿಸ್ಟರುಗಳ ಶಾಲೆಯಲ್ಲಿ ಅದೇ ಉತ್ತರವನ್ನು 27 ವರ್ಷ ಕೇಳಿದ್ದ ನನಗೆ ಅಂದು ನಗು ತಡೆಯಲಾಗಲಿಲ್ಲ.

ಈಗ ನಿಮ್ಮಲ್ಲಿ ಕೆಲವರು ಕೇಳಿದ ಪತ್ರದ ವಿಷಯ. ಪತ್ರವನ್ನು ಮುಖ್ಯೋಪಾಧ್ಯಾಯರ ಹೆಸರಿಗೆ, ಜೂನ್‌ನಲ್ಲೇ ಬರೆಯಿರಿ, ರಿಮಾರ್ಕ್ ಬಂದ ಮೇಲೆ ಸಿಟ್ಟಿನಲ್ಲಿ ಬರೆಯಬೇಡಿ. ಯಾವುದಕ್ಕೆ ಸಮ್ಮತಿ ಇದೆ, ಯಾವುದಕ್ಕೆ ಇಲ್ಲ ಎಂದು ಬಿಡಿಸಿ ಬರೆಯಿರಿ: ಬೆಳಗಿನ ಸಭೆಗೆ ನಿಲ್ಲುತ್ತಾಳೆ, ಇಗರ್ಜಿಯ ಪೂಜೆಗೆ ಬರುವುದಿಲ್ಲ, ಹೀಗೆ. ಸಂವಿಧಾನದ 28ನೆಯ ವಿಧಿಯ ಮೂರನೆಯ ಖಂಡವನ್ನು ಒಂದು ಸಾಲಿನಲ್ಲಿ ಉಲ್ಲೇಖಿಸಿದರೆ ಸಾಕು, ಭಾಷಣ ಬೇಡ. ಆ ಹೊತ್ತಿನಲ್ಲಿ ಮಗು ಎಲ್ಲಿ, ಯಾರ ಜೊತೆ ಇರುತ್ತದೆ ಎಂಬುದನ್ನು ತಿಳಿಸುವಂತೆ ಕೇಳಿ, ಅದಕ್ಕೆ ಲಿಖಿತ ಉತ್ತರ ಕೇಳಿ. ಪತ್ರದ ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡು ಇಟ್ಟುಕೊಳ್ಳಿ. ಬರೆಯುವ ಮೊದಲು ಮಗುವನ್ನು ಕೇಳಿ. ನನ್ನ ನೆರೆಮನೆಯವರು ಕೇಳದೆ ಬರೆದು ಕೊಟ್ಟರು; ಮೊದಲ ಶುಕ್ರವಾರ ಅವರ ಮಗಳು ಲೈಬ್ರರಿಯಲ್ಲಿ ಒಬ್ಬಳೇ ಕುಳಿತು ಸಂಜೆ ಮನೆಗೆ ಬಂದು, ಅಲ್ಲಿ ನನ್ನ ಗೆಳತಿಯರೆಲ್ಲ ಹಾಡುತ್ತಾರೆ, ನನಗೂ ಹಾಡಬೇಕಿತ್ತು ಎಂದು ಅತ್ತಳಂತೆ. ಅವರು ಎರಡನೆಯ ಪತ್ರ ಬರೆಯಬೇಕಾಯಿತು.